ಎಲ್ಲ ಬಾಗಿಲಿಗೂ ಒಂದೇ ದರ: ಕವಲುದಾರಿಯಲ್ಲಿ ಕೆನಡಾದ ಅಂಚೆ

ಕೆನಡಾದಲ್ಲಿ ಹೊಸದಾಗಿ ನೆಲೆಸುವವರ ಬದುಕು ಬಹುಮಟ್ಟಿಗೆ ಅಂಚೆಯ ಮೂಲಕವೇ ಆರಂಭವಾಗುತ್ತದೆ. ಕಾಯಂ ನಿವಾಸಿಯೆಂದು ಸಾರುವ ಪಿ.ಆರ್. ಕಾರ್ಡು ಅಂಚೆಯಲ್ಲಿ ಬರುತ್ತದೆ. ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು, ವಾಹನ ಚಾಲನಾ ಪರವಾನಗಿ, ಬ್ಯಾಂಕಿನ ಕ್ರೆಡಿಟ್ ಕಾರ್ಡು ಬರುವುದೂ ಹಾಗೆಯೇ. ಮುಂದೆ ಪೌರತ್ವ ದೊರೆತ ಮೇಲೆ, ಚುನಾವಣೆಯಲ್ಲಿ ನಿಮ್ಮ ಮತಗಟ್ಟೆ ಇಂಥಲ್ಲಿದೆ ಎಂದು ತಿಳಿಸುವ ಚೀಟಿಯೂ ಅದೇ ದಾರಿ ಹಿಡಿದು ಬರುತ್ತದೆ. ಊರಿನಲ್ಲಿರುವ ಬಂಧುಗಳು, ಇಷ್ಟೆಲ್ಲ ಮುಂದುವರಿದ ದೇಶದಲ್ಲಿ ಎಲ್ಲವೂ ಮೊಬೈಲಿನಲ್ಲಿಯೇ ಮುಗಿಯುತ್ತದೆಂದು ಭಾವಿಸುವುದುಂಟು. ವಾಸ್ತವದಲ್ಲಿ ಇಲ್ಲಿನ ಆಡಳಿತ ಇಂದಿಗೂ ಒಬ್ಬ ಮನುಷ್ಯನನ್ನು ಗುರುತಿಸುವುದು ಅವನ ವಿಳಾಸದಿಂದ. ಆ ವಿಳಾಸ ನಿಜವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಅಲ್ಲಿಗೆ ತಲುಪಿದ ಲಕೋಟೆ.

ಹೀಗೆ ದೇಶದ ಪ್ರತಿಯೊಂದು ವಿಳಾಸವನ್ನೂ ಬಲ್ಲ ಕೆನಡಾ ಪೋಸ್ಟ್ ಇಂದು ತನ್ನ ಅಸ್ತಿತ್ವದ ಪ್ರಶ್ನೆಯನ್ನು ಎದುರಿಸುತ್ತಿದೆ. 2018ರಿಂದ ಈಚೆಗೆ ಅದರ ಒಟ್ಟು ನಷ್ಟ 500 ಕೋಟಿ ಡಾಲರನ್ನು ಮೀರಿದೆ. 2024ರ ಒಂದೇ ವರ್ಷದಲ್ಲಿ ತೆರಿಗೆಪೂರ್ವ ನಷ್ಟ 84 ಕೋಟಿ ಡಾಲರ್ ದಾಟಿತ್ತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ 103.4 ಕೋಟಿ ಡಾಲರುಗಳವರೆಗೆ ಸಾಲದ ನೆರವನ್ನು ಘೋಷಿಸದಿದ್ದರೆ ಸಂಸ್ಥೆಯ ದೈನಂದಿನ ವ್ಯವಹಾರವೇ ನಿಲ್ಲುವ ಹಂತದಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸಂಸ್ಥೆಯ ಹೊಣೆ ಹೊತ್ತ ಸಚಿವ ಜೋಯೆಲ್ ಲೈಟ್‌ಬೌಂಡ್ ಅವರು ಅಂಚೆಗೆ ದಿನಕ್ಕೆ ಸುಮಾರು ಒಂದು ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಬಹಿರಂಗವಾಗಿ ಹೇಳಿದರು. ಒಂದೂವರೆ ಶತಮಾನ ನಡೆದುಬಂದ ಸೇವೆಯೊಂದು ಈ ಸ್ಥಿತಿಗೆ ಹೇಗೆ ಬಂದಿತು, ಅದರ ಭವಿಷ್ಯ ಇಲ್ಲಿಗೆ ಬಂದಿರುವ, ಬರಲಿರುವ ನಮ್ಮವರಿಗೆ ಹೇಗೆ ಸಂಬಂಧಿಸಿದೆ ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ.

ಕೆನಡಾ ಒಂದು ಒಕ್ಕೂಟವಾಗಿ ರೂಪುಗೊಂಡ 1867ರಲ್ಲಿಯೇ ಅಂಚೆ ಕೇಂದ್ರ ಸರ್ಕಾರದ ಇಲಾಖೆಯಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ತೆರಿಗೆಯ ಹಣವೂ ಪೋಷಿಸಿತು. 1981ರಲ್ಲಿ ಇಲಾಖೆಯ ರೂಪ ಬದಲಾಗಿ, ಸರ್ಕಾರದ ಒಡೆತನದ ಸ್ವತಂತ್ರ ನಿಗಮವಾಯಿತು. ಅಂದಿನಿಂದ ಅದರ ಮೇಲೆ ಎರಡು ಹೊಣೆಗಳು ಒಟ್ಟಿಗೇ ಬಿದ್ದವು. ಮೊದಲನೆಯದು, ದೇಶದ ಯಾವ ಮೂಲೆಯಲ್ಲಿರುವವರಿಗೂ ಸೇವೆ ಸಲ್ಲಿಸಬೇಕು. ಎರಡನೆಯದು, ಆ ಖರ್ಚನ್ನು ತಾನೇ ದುಡಿದು ತುಂಬಿಸಿಕೊಳ್ಳಬೇಕು. ಕಾನೂನು ಇದಕ್ಕೊಂದು ಆಸರೆಯನ್ನೂ ಒದಗಿಸಿತ್ತು: 500 ಗ್ರಾಮಿನವರೆಗಿನ ಪತ್ರಗಳನ್ನು ಸಾಗಿಸುವ ವಿಶೇಷ ಹಕ್ಕು ಅಂಚೆಗೆ ಮೀಸಲು. ಟೊರೊಂಟೊದ ಒಂದು ಬೀದಿಯಿಂದ ಪಕ್ಕದ ಬೀದಿಗೆ ಹೋಗುವ ಪತ್ರದ ಲಾಭದಿಂದ, ಉತ್ತರ ಧ್ರುವ ಪ್ರದೇಶದ ಹಳ್ಳಿಗೆ ವಿಮಾನದಲ್ಲಿ ಹೋಗುವ ಪತ್ರದ ನಷ್ಟವನ್ನು ಸರಿದೂಗಿಸಬಹುದೆಂಬುದು ಅದರ ಹಿಂದಿನ ತರ್ಕ. 1980ರ ದಶಕದ ಕೊನೆಯಿಂದ 2017ರವರೆಗೆ ಬಹುಪಾಲು ವರ್ಷಗಳಲ್ಲಿ ಸಂಸ್ಥೆ ಲಾಭದಲ್ಲಿಯೇ ಇತ್ತು. ಅಂದರೆ ಆ ತರ್ಕ ಸುಮಾರು ಮೂವತ್ತು ವರ್ಷ ಕೆಲಸ ಮಾಡಿತು.

ಅದು ಮುರಿದದ್ದು ಪತ್ರಗಳು ಕಡಿಮೆಯಾದಾಗ. 2006ರಲ್ಲಿ ಕೆನಡಾ ಪೋಸ್ಟ್ ಸುಮಾರು 550 ಕೋಟಿ ಪತ್ರಗಳನ್ನು ಮುಟ್ಟಿಸಿತ್ತು; ಈಗ ಆ ಸಂಖ್ಯೆ ವರ್ಷಕ್ಕೆ 200 ಕೋಟಿಯ ಆಸುಪಾಸಿಗೆ ಇಳಿದಿದೆ. ಅಂದು ಒಂದು ಮನೆಗೆ ವಾರಕ್ಕೆ ಸರಾಸರಿ ಏಳು ಪತ್ರಗಳು ಬರುತ್ತಿದ್ದರೆ ಇಂದು ಬರುವುದು ಎರಡು. ಆದರೆ ಮನೆಗಳ ಸಂಖ್ಯೆ ಕಡಿಮೆಯಾಗಿಲ್ಲ. ಪ್ರತಿವರ್ಷವೂ ಹೊಸ ಬಡಾವಣೆಗಳು ಏಳುತ್ತಿವೆ, ಒಟ್ಟು ವಿಳಾಸಗಳ ಸಂಖ್ಯೆ 1.7 ಕೋಟಿಯನ್ನು ದಾಟಿದೆ. ಏಳು ಪತ್ರಗಳಿದ್ದ ಚೀಲವನ್ನು ಹೊತ್ತು ನಡೆಯುವ ದಾರಿಗೂ ಎರಡು ಪತ್ರಗಳಿದ್ದ ಚೀಲವನ್ನು ಹೊತ್ತು ನಡೆಯುವ ದಾರಿಗೂ ಉದ್ದದಲ್ಲಿ ವ್ಯತ್ಯಾಸವಿಲ್ಲ. ನಡೆಯುವವನ ಸಂಬಳವೂ ಅಷ್ಟೇ. 2025ರ ಜನವರಿಯಲ್ಲಿ ಬಿಡಿ ಅಂಚೆಚೀಟಿಯ ಬೆಲೆಯನ್ನು 1.15 ಡಾಲರಿನಿಂದ 1.44 ಡಾಲರಿಗೆ ಏರಿಸಲಾಯಿತು. ಬೆಲೆ ಏರಿದಷ್ಟೂ ಬರೆಯುವವರು ಇನ್ನೂ ಕಡಿಮೆಯಾಗುತ್ತಾರೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ.

ಪತ್ರ ಹೋದರೇನು, ಪಾರ್ಸೆಲ್ಲುಗಳು ಬಂದವಲ್ಲ ಎಂದು ಕೇಳಬಹುದು. ಸಂಸ್ಥೆಯೂ ಹಾಗೆಯೇ ನಂಬಿತ್ತು. 2019ರಲ್ಲಿ ಕೆನಡಾದ ಪಾರ್ಸೆಲ್ ವ್ಯವಹಾರದಲ್ಲಿ ಅದರ ಪಾಲು ಶೇ 62ರಷ್ಟಿತ್ತು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕುಳಿತು ಕೊಳ್ಳುವವರ ಸಂಖ್ಯೆ ಬೆಳೆಯಿತು; ಆದರೆ ಬೆಳೆದ ವ್ಯವಹಾರ ಅಂಚೆಯ ಪಾಲಾಗಲಿಲ್ಲ. ದೊಡ್ಡ ಮಾರಾಟ ಸಂಸ್ಥೆಗಳು ತಮ್ಮದೇ ವಿತರಣಾ ಜಾಲ ಕಟ್ಟಿಕೊಂಡವು. ವಾರಾಂತ್ಯದಲ್ಲಿಯೂ, ರಾತ್ರಿ ಎಂಟಕ್ಕೂ ಮನೆ ಬಾಗಿಲಿಗೆ ಪೊಟ್ಟಣ ಇಟ್ಟುಹೋಗುವ ಹೊಸ ಕಂಪನಿಗಳು ಹುಟ್ಟಿಕೊಂಡವು. ಇಂದು ಅಂಚೆಯ ಪಾಲು ಶೇ 24ಕ್ಕಿಂತ ಕಡಿಮೆ.

ಇಲ್ಲಿ ನಮ್ಮವರ ಕಥೆಯೂ ಸೇರಿಕೊಳ್ಳುತ್ತದೆ. ಆ ಖಾಸಗಿ ಪೊಟ್ಟಣಗಳನ್ನು ಹೊತ್ತು ಬರುವವರಲ್ಲಿ ಭಾರತದಿಂದ ಬಂದ ಯುವಕರು ಬಹಳ. ಓದಿನ ನಡುವೆ ಅನುಮತಿಯಿರುವಷ್ಟು ಗಂಟೆ ದುಡಿಯುವ ವಿದ್ಯಾರ್ಥಿಗಳು, ತಮ್ಮ ಕ್ಷೇತ್ರದಲ್ಲಿ ಕೆಲಸ ಸಿಗುವವರೆಗೆ ಕಾಲ ತಳ್ಳುವ ಎಂಜಿನಿಯರುಗಳು ಅವರಲ್ಲಿದ್ದಾರೆ. ಟೊರೊಂಟೊದ ಹೊರವಲಯದಲ್ಲಿರುವ ನಮ್ಮ ಬಡಾವಣೆಯಲ್ಲಿ ಸಂಜೆ ಬಾಗಿಲು ತೆರೆದಾಗ, ಪೊಟ್ಟಣ ಇಡಲು ಬಂದ ಹುಡುಗನ ಮಾತಿನಲ್ಲಿ ಹಾಸನದ ಅಥವಾ ದಾವಣಗೆರೆಯ ದನಿ ಕೇಳಿ ನಾನು ಬೆರಗಾದದ್ದು ಒಂದೆರಡು ಬಾರಿಯಲ್ಲ. ಇಂಥ ಕೆಲಸದಲ್ಲಿ ಅನೇಕರಿಗೆ ಕಾರು ತಮ್ಮದೇ, ಪೆಟ್ರೋಲು ತಮ್ಮದೇ. ಸಂಬಳ ಪೊಟ್ಟಣದ ಲೆಕ್ಕದಲ್ಲಿ. ಪಿಂಚಣಿಯಿಲ್ಲ, ಕಾಯಿಲೆಯಾದರೆ ರಜೆಯಿಲ್ಲ. ಅಂಚೆ ನೌಕರನಿಗೆ ಇವೆಲ್ಲವೂ ಇವೆ. ಅಂಚೆಯ ಪೊಟ್ಟಣ ಏಕೆ ದುಬಾರಿ, ಖಾಸಗಿಯದು ಏಕೆ ಅಗ್ಗ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಹುಡುಗನ ಕಾರಿನಲ್ಲಿಯೇ ಇದೆ.

ಅಂಚೆ ನೌಕರರ ಒಕ್ಕೂಟದ ಹಟವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಇದು ಕೆನಡಾದ ಕಾರ್ಮಿಕ ಇತಿಹಾಸದಲ್ಲಿ ದೊಡ್ಡ ಹೆಸರು. 1981ರಲ್ಲಿ ಆರು ವಾರಗಳ ಮುಷ್ಕರ ಹೂಡಿ ಅದು 17 ವಾರಗಳ ವೇತನಸಹಿತ ಹೆರಿಗೆ ರಜೆಯನ್ನು ಗಳಿಸಿತು; ಆ ಹೋರಾಟದ ಫಲವನ್ನು ಕ್ರಮೇಣ ಬೇರೆ ಕ್ಷೇತ್ರಗಳ ಮಹಿಳೆಯರೂ ಪಡೆದರು. ಅದೇ ಒಕ್ಕೂಟದ ಸುಮಾರು 55,000 ಸದಸ್ಯರು 2024ರ ನವೆಂಬರ್ 15ರಂದು ಕೆಲಸ ನಿಲ್ಲಿಸಿದರು. ಕ್ರಿಸ್‌ಮಸ್‌ಗೆ ಮುನ್ನ, ವರ್ಷದ ಅತ್ಯಂತ ಬಿಡುವಿಲ್ಲದ ಕಾಲದಲ್ಲಿ, ಒಂದು ತಿಂಗಳಿಗೂ ಹೆಚ್ಚು ದಿನ ದೇಶದ ಅಂಚೆ ಸ್ತಬ್ಧವಾಯಿತು. ಸಿದ್ಧವಾಗಿದ್ದ ಪಾಸ್‌ಪೋರ್ಟುಗಳು ಸರ್ಕಾರಿ ಕಚೇರಿಗಳಲ್ಲಿಯೇ ಉಳಿದವು. ಡಿಸೆಂಬರ್ ರಜೆಗೆ ಊರಿಗೆ ಹೊರಟಿದ್ದ ಕುಟುಂಬಗಳಲ್ಲಿ ಆತಂಕ ಮನೆಮಾಡಿತು. ಮನೆಯಿಂದಲೇ ಸೀರೆ, ಆಭರಣ, ತಿಂಡಿ ಮಾರುವ ಸಣ್ಣ ವ್ಯಾಪಾರಿಗಳಿಗೆ ವರ್ಷದ ದುಡಿಮೆಯ ಕಾಲವೇ ಕೈತಪ್ಪಿತು. ವೃದ್ಧಾಪ್ಯ ವೇತನ, ಮಕ್ಕಳ ಭತ್ಯೆಗಳಂಥ ಸರ್ಕಾರಿ ಚೆಕ್ಕುಗಳನ್ನು ಮಾತ್ರ ಒಪ್ಪಂದದ ಮೇರೆಗೆ ಮುಟ್ಟಿಸಲಾಯಿತು. ಡಿಸೆಂಬರ್ 17ರಂದು ಸರ್ಕಾರದ ಮಧ್ಯಪ್ರವೇಶದಿಂದ ಕೆಲಸ ಮರಳಿ ಆರಂಭವಾಯಿತಾದರೂ ಜಗಳ ಮುಗಿಯಲಿಲ್ಲ. ಕೈತಪ್ಪಿದ ಗ್ರಾಹಕರಲ್ಲಿ ಅನೇಕರು ಮರಳಿ ಬರಲೂ ಇಲ್ಲ.

ಅನಂತರ ವಿಲಿಯಂ ಕಪ್ಲಾನ್ ಎಂಬ ಅನುಭವಿ ಮಧ್ಯಸ್ಥಗಾರರ ವಿಚಾರಣಾ ಆಯೋಗ 2025ರ ಮೇ ತಿಂಗಳಲ್ಲಿ ವರದಿ ನೀಡಿತು. ಅಂಚೆ ವಾಸ್ತವವಾಗಿ ದಿವಾಳಿಯ ಸ್ಥಿತಿಯಲ್ಲಿದೆ ಎಂದ ಆ ವರದಿ, ಅದನ್ನು ಮುಚ್ಚಬೇಕೆನ್ನಲಿಲ್ಲ. ಉಳಿಸಬೇಕಾದ ರಾಷ್ಟ್ರೀಯ ಸಂಸ್ಥೆಯೆಂದೇ ಪರಿಗಣಿಸಿ, ಮನೆಮನೆಗೆ ದಿನನಿತ್ಯ ಪತ್ರ ಮುಟ್ಟಿಸುವ ಪದ್ಧತಿಯನ್ನು ಕೈಬಿಡಲು ಸೂಚಿಸಿತು. ಸೆಪ್ಟೆಂಬರ್ 25ರಂದು ಸರ್ಕಾರ ಆ ದಾರಿಯಲ್ಲಿ ಹೆಜ್ಜೆ ಇಟ್ಟಿತು. ಇನ್ನೂ ಮನೆ ಬಾಗಿಲಿಗೇ ಅಂಚೆ ಪಡೆಯುತ್ತಿರುವ 40 ಲಕ್ಷ ವಿಳಾಸಗಳನ್ನು ಸಮುದಾಯ ಅಂಚೆಪೆಟ್ಟಿಗೆಗಳಿಗೆ ವರ್ಗಾಯಿಸಬಹುದು; ಇದರಿಂದ ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಉಳಿಯುತ್ತದೆ. ತುರ್ತಿಲ್ಲದ ಪತ್ರಗಳು ವಿಮಾನದ ಬದಲು ರಸ್ತೆಯಲ್ಲಿ ಸಾಗಬಹುದು. 1994ರಿಂದ ಗ್ರಾಮೀಣ ಅಂಚೆ ಕಚೇರಿಗಳನ್ನು ಮುಚ್ಚದಂತೆ ಇದ್ದ ತಡೆಯೂ ತೆರವಾಯಿತು. ಘೋಷಣೆ ಹೊರಬಿದ್ದ ದಿನವೇ ನೌಕರರು ಮತ್ತೆ ದೇಶವ್ಯಾಪಿ ಮುಷ್ಕರಕ್ಕಿಳಿದರು.

ಸಮುದಾಯ ಅಂಚೆಪೆಟ್ಟಿಗೆ ಎಂದರೆ ಏನೆಂದು ಊರಿನ ಓದುಗರಿಗೆ ವಿವರಿಸಬೇಕು. ಬೀದಿಯ ತಿರುವಿನಲ್ಲಿ ನಿಂತ ಬೂದುಬಣ್ಣದ ಲೋಹದ ಕಪಾಟು. ಅದರಲ್ಲಿ ಮನೆಗೊಂದರಂತೆ ಪುಟ್ಟ ಪುಟ್ಟ ಗೂಡುಗಳು, ಪ್ರತಿಯೊಂದಕ್ಕೂ ಬೀಗ. ಹೊಸ ಬಡಾವಣೆಗಳಲ್ಲಿ 1980ರ ದಶಕದಿಂದಲೇ ಈ ಪದ್ಧತಿಯಿದೆ. ವಲಸಿಗರು ಹೆಚ್ಚಾಗಿ ಮನೆ ಮಾಡಿಕೊಳ್ಳುವುದು ಬ್ರಾಂಪ್ಟನ್, ಮಿಲ್ಟನ್‌ಗಳಂಥ ಊರುಗಳ ಹೊಸ ಬಡಾವಣೆಗಳಲ್ಲಿಯೇ ಆದ್ದರಿಂದ, ಮನೆ ಬಾಗಿಲಿಗೆ ಬರುವ ಅಂಚೆಯವನನ್ನು ನಮ್ಮಲ್ಲಿ ಬಹುಪಾಲು ಜನ ಕೆನಡಾದಲ್ಲಿ ಕಂಡೇ ಇಲ್ಲ. ನನಗೆ ಮನೆಯ ಬೀಗದಕೈ ಕೊಟ್ಟಾಗ ಜೊತೆಯಲ್ಲಿ ಬಂದದ್ದು ಈ ಪೆಟ್ಟಿಗೆಯ ಕೀಲಿ. ಜನವರಿಯಲ್ಲಿ ಹಿಮ ಕಟ್ಟಿ ಬೀಗ ತೆರೆಯದ ದಿನಗಳೂ ಇರುತ್ತವೆ. ಆದರೂ ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಮೈಸೂರು, ಧಾರವಾಡಗಳಿಂದ ಬರುವ ತಂದೆತಾಯಿಯರಿಗೆ ಅದೊಂದು ಕಟ್ಟೆಯಿದ್ದಂತೆ. ಸಂಜೆ ಪತ್ರ ತರುವ ನೆಪದಲ್ಲಿ ನಡೆದುಹೋಗಿ, ಪಂಜಾಬಿನ ಅಜ್ಜನೊಡನೆ ಹರಕು ಹಿಂದಿಯಲ್ಲಿ ಮಾತಾಡಿ ಬರುವುದು ಅವರ ದಿನದ ಮುಖ್ಯ ಕಾರ್ಯಕ್ರಮ.

ಆದ್ದರಿಂದ ಬಾಗಿಲಿನ ಅಂಚೆ ನಿಲ್ಲುತ್ತದೆಂಬ ಸುದ್ದಿಗೆ ಹಳೆಯ ನಗರ ಭಾಗಗಳಲ್ಲಿ ಎದ್ದ ಕೂಗು ನಮ್ಮ ಕಡೆ ಅಷ್ಟಾಗಿ ಕೇಳಿಸಲಿಲ್ಲ. ದೇಶದ ಸುಮಾರು ಮುಕ್ಕಾಲು ಭಾಗ ವಿಳಾಸಗಳಿಗೆ ಆ ಸೌಕರ್ಯ ಈಗಾಗಲೇ ಇಲ್ಲ. 2013ರಲ್ಲಿ ಇದೇ ಯೋಜನೆ ಆರಂಭವಾಗಿ, 2015ರ ಚುನಾವಣೆಯ ಬಳಿಕ ನಿಂತುಹೋದದ್ದರಿಂದ ಎದುರುಬದುರು ಬೀದಿಗಳಲ್ಲಿ ಎರಡು ಬಗೆಯ ಸೇವೆ ಉಳಿದಿದೆ. ನಡೆಯಲಾಗದ ವೃದ್ಧರಿಗೆ, ಅಂಗವಿಕಲರಿಗೆ ವಿಶೇಷ ವ್ಯವಸ್ಥೆ ಇರುವುದಾದರೆ, ಈ ಬದಲಾವಣೆಯನ್ನು ನಾನು ಅನ್ಯಾಯವೆನ್ನಲಾರೆ. ನನ್ನನ್ನು ಕಾಡುವುದು ಗ್ರಾಮೀಣ ಕಚೇರಿಗಳ ಪ್ರಶ್ನೆ.

ಕೆನಡಾದ ಅಂಚೆ ಸಂಖ್ಯೆಯಲ್ಲಿಯೇ ಹಳ್ಳಿಯ ಗುರುತಿದೆ. ನಮ್ಮಲ್ಲಿ ಪಿನ್‌ಕೋಡ್ ಬಂದದ್ದು 1972ರಲ್ಲಿ. ಇಲ್ಲಿ ಅದಕ್ಕೂ ಒಂದು ವರ್ಷ ಮುಂಚೆ, 1971ರಲ್ಲಿ. ನಮ್ಮದು ಆರು ಅಂಕಿಗಳಾದರೆ ಇಲ್ಲಿಯದು ಅಕ್ಷರ, ಅಂಕಿ, ಅಕ್ಷರ ಎಂದು ಹೆಣೆದ ಆರು ಚಿಹ್ನೆಗಳು. ಎರಡನೆಯ ಸ್ಥಾನದಲ್ಲಿ ಸೊನ್ನೆ ಇದ್ದರೆ ಅದು ಗ್ರಾಮೀಣ ವಿಳಾಸ. ಇಲ್ಲಿನ ಮಕ್ಕಳು ಸಾಂಟಾ ಕ್ಲಾಸ್‌ಗೆ ಪತ್ರ ಬರೆಯುವ ‘ಎಚ್0ಎಚ್ 0ಎಚ್0’ ಎಂಬ ವಿಳಾಸದಲ್ಲಿಯೂ ಆ ಸೊನ್ನೆಯಿದೆ. ಅಂಚೆಚೀಟಿ ಇಲ್ಲದೆಯೂ ಹೋಗುವ ಆ ಪತ್ರಗಳಿಗೆ ಅಂಚೆ ನೌಕರರೂ ಸ್ವಯಂಸೇವಕರೂ ಪ್ರತಿವರ್ಷ ಉತ್ತರ ಬರೆಯುತ್ತಾರೆ. ನಿಜವಾದ ಉತ್ತರದ ಕಥೆ ಇಷ್ಟು ಸಿಹಿಯಲ್ಲ. ನೂನವುಟ್ ಪ್ರಾಂತದ 25 ಜನವಸತಿಗಳಲ್ಲಿ ಒಂದಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಔಷಧ, ಬಿಡಿಭಾಗ, ಮಗುವಿನ ಉಡುಪು ಎಲ್ಲವೂ ವಿಮಾನದಲ್ಲಿ ಬರಬೇಕು. ಅಲ್ಲಿಗೆ ಹೋಗುವ ಪತ್ರಕ್ಕೂ ಟೊರೊಂಟೊದ ಪಕ್ಕದ ಬೀದಿಗೆ ಹೋಗುವ ಪತ್ರಕ್ಕೂ ಅಂಚೆಚೀಟಿಯ ದರ ಒಂದೇ. ಲಾಭ ನೋಡುವ ಕಂಪನಿಗೆ ಅಲ್ಲಿಗೆ ಹೋಗಲೇಬೇಕೆಂಬ ಹಂಗಿಲ್ಲ, ಅಂಚೆಗೆ ಇದೆ.

1994ರ ತಡೆಯಾಜ್ಞೆಯ ಪಟ್ಟಿಯಲ್ಲಿ ಸುಮಾರು 4,000 ಕಚೇರಿಗಳಿವೆ. ಅಂದು ಹಳ್ಳಿಗಳಾಗಿದ್ದ ಕೆಲವು ಸ್ಥಳಗಳು ಇಂದು ನಗರದ ಭಾಗವಾಗಿವೆ, ಅಂಥ ಕಡೆ ಬದಲಾವಣೆ ಬೇಕು ಎನ್ನುವ ಸಚಿವರ ವಾದದಲ್ಲಿ ಸತ್ಯವಿದೆ. ಆದರೆ ನಿಜವಾಗಿಯೂ ದೂರದಲ್ಲಿರುವ ಊರುಗಳನ್ನು ಹೇಗೆ ಬೇರ್ಪಡಿಸಿ ಕಾಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ನರ್ಸುಗಳು, ವೈದ್ಯರು, ಶಿಕ್ಷಕರು ಹೆಚ್ಚಿನ ಸಂಬಳಕ್ಕಾಗಿಯೋ ಕಾಯಂ ನಿವಾಸದ ಸುಲಭ ದಾರಿಗಾಗಿಯೋ ಇಂಥ ಸಣ್ಣ ಊರುಗಳಿಗೆ ಹೋಗಿ ನೆಲೆಸುವುದುಂಟು. ಅವರಿಗೆ ಊರಿನ ಏಕೈಕ ಅಂಚೆ ಕಚೇರಿ ಎಂದರೆ ಸರ್ಕಾರವೆಂಬುದು ಕಣ್ಣಿಗೆ ಕಾಣುವ ಒಂದೇ ಜಾಗ.

ಕೆನಡಾ ಈ ದಾರಿಯಲ್ಲಿ ಒಂಟಿಯಾಗಿಲ್ಲ. ಡೆನ್ಮಾರ್ಕಿನ ಅಂಚೆ ಸಂಸ್ಥೆ 1624ರಿಂದ ನಡೆದುಬಂದ ಪತ್ರ ವಿತರಣೆಯನ್ನು 2025ರ ಡಿಸೆಂಬರ್ ಕೊನೆಯಲ್ಲಿ ನಿಲ್ಲಿಸಿತು. ಬ್ರಿಟನ್ನಿನ ರಾಯಲ್ ಮೇಲ್ ಜೆಕ್ ಉದ್ಯಮಿ ಡೇನಿಯಲ್ ಕ್ರೆಟಿನ್‌ಸ್ಕಿ ಅವರ ಕೈಸೇರಿದೆ. ಅಲ್ಲಿ ಎರಡನೆಯ ದರ್ಜೆಯ ಪತ್ರಗಳು ಈಗ ದಿನ ಬಿಟ್ಟು ದಿನ ಬರುತ್ತವೆ. ಭಾರತದಲ್ಲಿಯೂ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಳಿಸಲಾಯಿತು. ಆದರೆ ಭಾರತ ಹಿಡಿದ ಹಾದಿ ಸ್ವಲ್ಪ ಬೇರೆ. ಉಳಿತಾಯ ಖಾತೆ, ಪಿಂಚಣಿ, ವಿಮೆಗಳು ನಮ್ಮ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆ ಕಚೇರಿಗಳ ಬಾಗಿಲು ತೆರೆದಿಟ್ಟಿವೆ. ಪತ್ರ ಬಾರದ ದಿನವೂ ಅಲ್ಲಿ ಜನ ಇರುತ್ತಾರೆ. ಕೆನಡಾದಲ್ಲಿಯೂ 1868ರಲ್ಲಿ ಆರಂಭವಾದ ಅಂಚೆ ಉಳಿತಾಯ ಬ್ಯಾಂಕು ನೂರು ವರ್ಷ ನಡೆದು ಮುಚ್ಚಿತು. ಅದನ್ನು ಮತ್ತೆ ತೆರೆಯಬೇಕೆಂಬುದು ನೌಕರರ ಒಕ್ಕೂಟದ ಬಹುಕಾಲದ ಬೇಡಿಕೆ.

ಕನ್ನಡಿಗರಿಗೆ ಈ ವಾದ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಅಂಚೆ, ರಾಜ್ಯದ ಓಲೆಗಳನ್ನು ಹೊರುವುದರ ಜೊತೆಗೆ ಸುದ್ದಿಯನ್ನೂ ಸಂಗ್ರಹಿಸುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಆಳುವವರು ತಮ್ಮ ನಾಡಿನ ಕೊನೆಯ ಊರನ್ನು ಮುಟ್ಟಲು ಅಂಚೆ ಬೇಕೆಂದು ಅಂದೇ ಅರಿತಿದ್ದರು. ಅದರಿಂದ ಬೊಕ್ಕಸಕ್ಕೆ ಎಷ್ಟು ಬಂದಿತೆಂಬುದು ಎರಡನೆಯ ಮಾತಾಗಿತ್ತು.

ಇಲ್ಲಿಗೆ ಬರುವ ಸಿದ್ಧತೆಯಲ್ಲಿರುವವರಿಗೆ ಕೆಲವು ಮಾತುಗಳು. ಕಾಯಂ ನಿವಾಸಿಗಳಾಗಿ ಬಂದವರು ತಮ್ಮ ಕೆನಡಾ ವಿಳಾಸವನ್ನು 180 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಇಲ್ಲದಿದ್ದರೆ ಮೊದಲ ಕಾರ್ಡಿಗೂ ಶುಲ್ಕ ತೆತ್ತು ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಸ್ನೇಹಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇಳಿದುಕೊಂಡವರು, ಮನೆ ಬದಲಿಸಿದಾಗ ಅಂಚೆಯ ಮರುರವಾನೆ ಸೇವೆಯನ್ನು ಪಡೆಯುವುದು ಒಳಿತು. ಸರ್ಕಾರದಿಂದ ಬರುವ ಹಣವನ್ನು ಚೆಕ್ಕಿನ ಬದಲು ನೇರವಾಗಿ ಬ್ಯಾಂಕು ಖಾತೆಗೆ ಬರುವಂತೆ ಮಾಡಿಕೊಳ್ಳಿ. ಊರಿನಿಂದ ಕಳುಹಿಸುವ ಬಂಧುಗಳು, ಮುಷ್ಕರದ ಸುದ್ದಿ ಇರುವಾಗ ಮೂಲ ಪ್ರಮಾಣಪತ್ರಗಳನ್ನು ಅಂಚೆಗೆ ಹಾಕದಿರಲಿ. ಅಂಚೆ ಸಂಖ್ಯೆ ಬರೆಯುವಾಗ ಒಂದು ಸಂಗತಿ ನೆನಪಿರಲಿ: ಕೆನಡಾದ ಸಂಖ್ಯೆಗಳಲ್ಲಿ ‘ಓ’ ಎಂಬ ಇಂಗ್ಲಿಷ್ ಅಕ್ಷರವೇ ಬಳಕೆಯಲ್ಲಿಲ್ಲ. ದುಂಡಗೆ ಕಂಡದ್ದೆಲ್ಲ ಸೊನ್ನೆಯೇ.

2025ರ ಡಿಸೆಂಬರ್ 22ರಂದು ಸಂಸ್ಥೆಯೂ ಒಕ್ಕೂಟವೂ ತಾತ್ಕಾಲಿಕ ಒಪ್ಪಂದಕ್ಕೆ ಬಂದಿವೆ. ವಾರಾಂತ್ಯದ ಪಾರ್ಸೆಲ್ ವಿತರಣೆಗೂ ಅದರಲ್ಲಿ ದಾರಿಯಿದೆ. ಎರಡು ವರ್ಷಗಳ ಕಹಿಯ ನಂತರ ಇದು ಸಮಾಧಾನದ ಸಂಗತಿ. ಆದರೆ ಮೂಲ ಪ್ರಶ್ನೆಗೆ ಇದು ಉತ್ತರವಲ್ಲ. ದೂರದ ಊರಿಗೂ ಹತ್ತಿರದ ಬೀದಿಗೂ ಒಂದೇ ದರ ಎಂಬ ಮಾತಿಗೆ ಇಷ್ಟು ದಿನ ಬೆಲೆ ತೆರುತ್ತಿದ್ದುದು ನಗರದ ಪತ್ರಗಳು. ಆ ಪತ್ರಗಳು ಮರಳಿ ಬರುವುದಿಲ್ಲ. ಇನ್ನು ಮುಂದೆ ಆ ಬೆಲೆಯನ್ನು ತೆರಿಗೆದಾರರು ತೆರಬೇಕು, ಇಲ್ಲವೇ ದೂರದ ಊರುಗಳು ಸೇವೆಯನ್ನು ಕಳೆದುಕೊಂಡು ತೆರಬೇಕು, ಅಥವಾ ಪೊಟ್ಟಣದ ಲೆಕ್ಕದಲ್ಲಿ ಸಂಬಳ ಪಡೆಯುವ ಹುಡುಗರು ತೆರಬೇಕು.

ಇಲ್ಲಿ ತೆರಿಗೆ ಕಟ್ಟುವವನಾಗಿ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಒಂದು ಷರತ್ತಿನೊಂದಿಗೆ: ನನ್ನಂಥವರು ಬೀದಿ ತುದಿಯವರೆಗೆ ನಡೆದುಹೋಗಿ ಪತ್ರ ತರುವುದರಿಂದ ಉಳಿಯುವ ಹಣ, ರಸ್ತೆಯಿಲ್ಲದ ಊರುಗಳ ಕಚೇರಿಗಳನ್ನು ತೆರೆದಿಡಲು ಹೋಗಬೇಕು. ರೆಸ್ಟೋರೆಂಟು, ಆಸ್ಪತ್ರೆ, ಗಣಿಗಳ ಕೆಲಸ ಹಿಡಿದು ನಾಳೆ ಅಂಥ ಊರೊಂದಕ್ಕೆ ಬಂದಿಳಿಯುವ ಹೊಸ ಕುಟುಂಬವೂ, ತನ್ನ ಪಿ.ಆರ್. ಕಾರ್ಡಿಗಾಗಿ ನಮ್ಮಷ್ಟೇ ದಿನ ಕಾದು, ನಮ್ಮಷ್ಟೇ ಖಚಿತವಾಗಿ ಅದನ್ನು ಪಡೆಯುವಂತಿರಬೇಕು.